ಕೆಂಪು ಮರಳಿನ ಊರಿಗೆ, ಅಮ್ಮನ ಜೊತೆ ನಾಲ್ಕು ದಿನ

ಹೊರಡುವ ಮುಂಚೆ

ನಮ್ಮ ತಾತನ ಹೆಸರು ಶುರುವಾಗುತ್ತಿದ್ದದ್ದೇ ‘ಅರುಳ್’ ಅಂತ. ಚಿಕ್ಕವಳಿದ್ದಾಗ ನನಗೆ ಗೊತ್ತಿದ್ದ ಅರುಳು ಒಂದೇ, ‘ಅರವತ್ತಕ್ಕೆ ಅರುಳು ಮರುಳು’ ಅನ್ನೋ ಅರುಳು. ಶಾಲೆಯಲ್ಲಿ ಹುಡುಗರು ಅದನ್ನೇ ಹಿಡಿದುಕೊಂಡು ಆಡಿಕೊಳ್ಳುತ್ತಿದ್ದರು. ಅಳುತ್ತಾ ಬಂದು ತಾತನಿಗೆ ಹೇಳಿದರೆ ಅವರು ಕೆಮ್ಮು ಬರುವಷ್ಟು ನಗುತ್ತಿದ್ದರು. “ತಮಿಳಲ್ಲಿ ಅರುಳ್ ಅಂದ್ರೆ ಕೃಪೆ ಕಣವ್ವಾ. ಇದು ಓರಿಯೂರು ಸ್ವಾಮಿಗಳ ಹೆಸರು. ತಲೆ ಕೊಟ್ಟವರು ಅವರು” ಅನ್ನುತ್ತಿದ್ದರು. ಅಷ್ಟೇ ಕಥೆ. ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು ಅಂತ ನಾನೂ ಕೇಳಲಿಲ್ಲ.

ಮೈಸೂರು ಸೀಮೆಯ ಹಳೇ ಕ್ರೈಸ್ತ ಮನೆಗಳಲ್ಲಿ ಇಂಥ ಹೆಸರುಗಳು ಇನ್ನೂ ಸಿಗುತ್ತವೆ. ರಾಯಪ್ಪ ಅಂದರೆ ಪೇತ್ರ, ಚಿನ್ನಪ್ಪ ಅಂದರೆ ಪೌಲ, ಚೌರಪ್ಪ ಅಂದರೆ ಕ್ಸೇವಿಯರ್, ಇನ್ನಾಸಪ್ಪ ಅಂದರೆ ಇಗ್ನೇಷಿಯಸ್, ಅರುಳಪ್ಪ ಅಂದರೆ ಯೊವಾನ್ನ. ಯುರೋಪಿನ ಹೆಸರುಗಳಿಗೆ ಪಂಚೆ ಉಡಿಸಿದ ಹಾಗೆ. ಓರಿಯೂರಿನ ಸ್ವಾಮಿಗಳೂ ಹಾಗೆಯೇ. ಹುಟ್ಟುವಾಗ ಪೋರ್ಚುಗಲ್‌ನ ಜೊವಾಂವ್ ಡಿ ಬ್ರಿಟ್ಟೊ. ಸಾಯುವಾಗ ಅರುಳಾನಂದರ್.

ತಾತ ಓರಿಯೂರಿಗೆ ಹೋಗಬೇಕು ಅಂತ ಹೇಳುತ್ತಲೇ ತೀರಿಕೊಂಡರು. ಅಮ್ಮನಿಗೆ ಈಗ ಅರವತ್ತೆಂಟು. “ನಿಮ್ಮ ತಾತನ ಥರ ಹೇಳ್ತಾನೇ ಹೋಗಿಬಿಡ್ತೀನಿ ನಾನೂ” ಅಂತ ಒಂದು ದಿನ ಅಂದಳು. ಟಿಕೆಟ್ ಮಾಡಲೇಬೇಕಾಯಿತು.

ಮೊದಲ ಪ್ರಯತ್ನದಲ್ಲಿ ನಾನು ತಿರುಚ್ಚಿಗೆ ಟಿಕೆಟ್ ಮಾಡುವುದರಲ್ಲಿದ್ದೆ. ಮ್ಯಾಪಿನಲ್ಲಿ ಓರಿಯೂರು ಅಂತ ಟೈಪ್ ಮಾಡುವ ಕಡೆ ಉರೈಯೂರು ಅಂತ ಮಾಡಿದ್ದೆ. ಅದು ತಿರುಚ್ಚಿ ಊರೊಳಗೇ ಇರುವ ಹಳೇ ಚೋಳರ ರಾಜಧಾನಿ. ನಮಗೆ ಬೇಕಾದದ್ದು ರಾಮನಾಥಪುರ ಜಿಲ್ಲೆಯ ತಿರುವಾಡಾನೈ ತಾಲ್ಲೂಕಿನ ಸಣ್ಣ ಹಳ್ಳಿ. ಅಮ್ಮನೇ ಹಿಂದಿನಿಂದ ಬಗ್ಗಿ ನೋಡಿ, “ಸಮುದ್ರ ಹತ್ರ ಇರಬೇಕಲ್ವೇನೇ?” ಅಂದಳು. ಬಚಾವಾದೆವು.

ಹಬ್ಬ ಫೆಬ್ರವರಿ 4ಕ್ಕೆ. ಆ ಜನಜಂಗುಳಿಯಲ್ಲಿ ಅಮ್ಮನ ಮಂಡಿ ಕೇಳಲ್ಲ ಅಂತ ತಿಂಗಳ ಕೊನೆಗೆ ಹೊರಟೆವು. ಸಂಜೆ ಮೈಸೂರಿನಲ್ಲಿ ತೂತ್ತುಕುಡಿ ರೈಲು ಹತ್ತಿ, ಪುಳಿಯೋಗರೆ ತಿಂದು, ಮಲಗಿದೆವು.

ಮೊದಲ ದಿನ: ಮದುರೈ

ಬೆಳಿಗ್ಗೆ ಮದುರೈ. ರೂಮಿಗೆ ಬ್ಯಾಗ್ ಹಾಕಿ, ಇಡ್ಲಿ ತಿಂದು, ಮೀನಾಕ್ಷಿ ಗುಡಿಯ ಸುತ್ತಲಿನ ಬೀದಿಗಳಲ್ಲಿ ಒಂದು ಸುತ್ತು ಹಾಕಿದೆವು. ಮದುರೈ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ, ನಾನು ಬರೆಯಲ್ಲ. ತಿರುಮಲೈ ನಾಯಕನ ಮಹಲಿನ ಒಂದು ಕಂಬಕ್ಕೆ ಒರಗಿ ಕೂತಾಗ ಅಮ್ಮ ಕೇಳಿದಳು. “ಪೋರ್ಚುಗಲ್‌ನವರು ಗೋವಾದಲ್ಲಿ ಇದ್ದರಲ್ಲ, ಈ ಒಣಭೂಮಿಗೆ ಯಾಕೆ ಬಂದ್ರು?”

ಅದಕ್ಕೆ ಉತ್ತರ ಮದುರೈಯಲ್ಲೇ ಇದೆ. 1606ರಲ್ಲಿ ಇಟಲಿಯ ಒಬ್ಬ ಜೆಸ್ವಿತ್ ಪಾದ್ರಿ, ಅಂದರೆ ಯೇಸುಸಭೆ ಅನ್ನೋ ಕ್ಯಾಥೊಲಿಕ್ ಸಂಘದವರು, ಇಲ್ಲಿಗೆ ಬಂದರು. ರಾಬರ್ಟ್ ಡಿ ನೊಬಿಲಿ. ಕರಾವಳಿಯಲ್ಲಿ ಕ್ರೈಸ್ತರಾಗುವುದು ಅಂದರೆ ಪರಂಗಿಯವರ ಥರ ಆಗುವುದು ಅಂತ ಜನ ತಿಳಿದಿದ್ದರು. ಪರಂಗಿಯವರು ಅಂದರೆ ದನ ತಿನ್ನುವವರು, ಕುಡಿಯುವವರು, ಸ್ನಾನ ಮಾಡದವರು. ನೊಬಿಲಿ ಆ ವೇಷವನ್ನೇ ತೆಗೆದು ಬಿಸಾಕಿದರು. ಕಾವಿ ಉಟ್ಟರು, ಮಾಂಸ ಬಿಟ್ಟರು, ತಮಿಳು, ತೆಲುಗು, ಸಂಸ್ಕೃತ ಕಲಿತರು. ಅವರು ಹಾಕಿದ ದಾರಿಗೆ ಮದುರೈ ಮಿಷನ್ ಅಂತ ಹೆಸರು. ನಮ್ಮ ಶ್ರೀರಂಗಪಟ್ಟಣಕ್ಕೂ ಅದೇ ಶತಮಾನದಲ್ಲಿ ಚಿನ್ನಮಿ ಅನ್ನೋ ಇನ್ನೊಬ್ಬ ಇಟಲಿಯ ಪಾದ್ರಿ ಕಾವಿ ಉಟ್ಟುಕೊಂಡೇ ಬಂದು ಕನ್ನಡ ಕಲಿತಿದ್ದರು.

ಇದರಲ್ಲಿ ನನಗೆ ಚುಚ್ಚುವ ಒಂದು ವಿಷಯ ಇದೆ. ಬ್ರಾಹ್ಮಣ ಸಂನ್ಯಾಸಿ ವೇಷದ ಪಾದ್ರಿ ಕೆಳಜಾತಿಯವರ ಜೊತೆ ಬೆರೆಯುವ ಹಾಗಿರಲಿಲ್ಲ. ಅದಕ್ಕೆ ಆಮೇಲೆ ‘ಪಂಡಾರಸ್ವಾಮಿ’ ಅಂತ ಇನ್ನೊಂದು ದಾರಿ ಮಾಡಿದರು. ಪಂಡಾರಗಳು ಅಂದರೆ ಬ್ರಾಹ್ಮಣರಲ್ಲದ ಶೈವ ಸಂನ್ಯಾಸಿಗಳು, ಅವರು ಎಲ್ಲರ ಮನೆ ಬಾಗಿಲಿಗೂ ಹೋಗಬಹುದಿತ್ತು. ಅಂದರೆ ಜಾತಿಯ ಗೋಡೆ ಒಡೆಯಲಿಲ್ಲ. ಗೋಡೆಗೆ ಎರಡು ಬಾಗಿಲು ಇಟ್ಟರು ಅಷ್ಟೇ. ಡಿ ಬ್ರಿಟ್ಟೊ ಆರಿಸಿಕೊಂಡದ್ದು ಎರಡನೇ ಬಾಗಿಲು.

ಅವರು ಬಂದದ್ದು ಎಂಥ ಮನೆಯಿಂದ ಅಂದರೆ, ಅಪ್ಪ ಬ್ರೆಜಿಲ್‌ನ ರಿಯೊ ಡಿ ಜನೈರೊಗೆ ಗವರ್ನರ್ ಆಗಿದ್ದವರು. ಹುಟ್ಟಿದ್ದು ಲಿಸ್ಬನ್‌ನಲ್ಲಿ, 1647ರ ಮಾರ್ಚ್ 1ರಂದು. ಅಪ್ಪ ಬೇಗ ತೀರಿಕೊಂಡರು. ಹುಡುಗ ಅರಮನೆಯಲ್ಲಿ ರಾಜಕುಮಾರ ಪೆದ್ರೊ ಜೊತೆ ಬೆಳೆದ. ಒಮ್ಮೆ ಸಾಯುವಷ್ಟು ಕಾಯಿಲೆ ಬಿದ್ದಾಗ ತಾಯಿ ಸಂತ ಫ್ರಾನ್ಸಿಸ್ ಕ್ಸೇವಿಯರ್‌ಗೆ ಹರಕೆ ಹೊತ್ತಳು. ಮಗ ಉಳಿದರೆ ಒಂದು ವರ್ಷ ಅವನಿಗೆ ಜೆಸ್ವಿತರ ನಿಲುವಂಗಿ ಹಾಕಿಸುತ್ತೇನೆ ಅಂತ. ಹುಡುಗ ಉಳಿದ, ಅಂಗಿ ಹಾಕಿದ. ವರ್ಷ ಮುಗಿಯಿತು, ಅಂಗಿ ಬಿಚ್ಚಿದರು, ಆದರೆ ಅದರ ಗುಂಗು ಹೋಗಲಿಲ್ಲ. 1662ರಲ್ಲಿ, ಇನ್ನೂ ಹದಿನೈದು ವರ್ಷಕ್ಕೆ, ಯೇಸುಸಭೆ ಸೇರಿದ.

“ಹರಕೆ ಹೊತ್ತವಳೇ ಆಮೇಲೆ ಅಳಬೇಕಾಯ್ತು ಅನ್ನು” ಅಂದಳು ಅಮ್ಮ. ಹೌದು, 1673ರಲ್ಲಿ ಮಗ ಗೋವಾಕ್ಕೆ ಹಡಗು ಹತ್ತುವುದನ್ನು ತಪ್ಪಿಸೋಕೆ ಆ ತಾಯಿ ಏನೇನೋ ಮಾಡಿದಳಂತೆ. ಆಗಲಿಲ್ಲ. 1674ರಲ್ಲಿ ಅವರು ಕೇರಳದ ಕಡೆಯಿಂದ ಘಟ್ಟ ಹತ್ತಿ ಇಳಿದು ಸತ್ಯಮಂಗಲಕ್ಕೆ ಬಂದರು. ನಮ್ಮ ಚಾಮರಾಜನಗರದಿಂದ ಘಟ್ಟ ಇಳಿದರೆ ಸಿಗುವ ಅದೇ ಸತ್ಯಮಂಗಲ. ಅದನ್ನು ಕೇಳಿ ಅಮ್ಮ, ಸ್ವಾಮಿಗಳು ನಮ್ಮ ಪಕ್ಕದೂರಿನವರೇ ಆದರು ಅನ್ನೋ ಹಾಗೆ ತಲೆ ಆಡಿಸಿದಳು.

ಎರಡನೇ ದಿನ: ರಾಮನಾಥಪುರ

ಮದುರೈಯಿಂದ ರಾಮನಾಥಪುರ 110 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಬಸ್ಸು ಮಾನಾಮದುರೈ ದಾಟುವಾಗ ಅಮ್ಮನಿಗೆ ತೋರಿಸಿದೆ, ಕಛೇರಿಯಲ್ಲಿ ನುಡಿಸುವ ಘಟಂ ತಯಾರಾಗುವ ಊರು ಇದು ಅಂತ. ಪರಮಕುಡಿ ದಾಟಿದ ಮೇಲೆ ನೋಡುವುದಕ್ಕೆ ಏನೂ ಇಲ್ಲ. ಬಳ್ಳಾರಿ ಜಾಲಿ, ತಾಳೆಮರ, ನೀರು ಇಂಗಿಹೋದ ಕೆರೆ, ಮತ್ತೆ ಬಳ್ಳಾರಿ ಜಾಲಿ. ತಮಿಳುನಾಡಿನಲ್ಲಿ ಸರ್ಕಾರಿ ನೌಕರರನ್ನು ಶಿಕ್ಷೆಗೆ ವರ್ಗ ಮಾಡುವ ಜಾಗಕ್ಕೆ ‘ನೀರಿಲ್ಲದ ಕಾಡು’ ಅಂತ ಒಂದು ಮಾತಿದೆ. ಅದು ಈ ಜಿಲ್ಲೆಯನ್ನು ನೋಡಿಯೇ ಹುಟ್ಟಿದ ಮಾತು ಅನ್ನುತ್ತಾರೆ. ಕಿಟಕಿಯಿಂದ ಬರುವ ಗಾಳಿ ಹತ್ತು ಗಂಟೆಗೇ ಒಲೆ ಮುಂದೆ ಕೂತ ಹಾಗಿತ್ತು.

ಇದು ಮರವರು ಅನ್ನೋ ಯೋಧ ಸಮುದಾಯದ ನಾಡು. ಆಳಿದವರು ಸೇತುಪತಿಗಳು, ಅಂದರೆ ರಾಮೇಶ್ವರದ ಸೇತುವೆಯ ಕಾವಲುಗಾರರು. ಡಿ ಬ್ರಿಟ್ಟೊ ಕಾಲದಲ್ಲಿ ಇದ್ದವನು ರಘುನಾಥ ಕಿಳವನ್ ಸೇತುಪತಿ. ಕಿಳವನ್ ಅಂದರೆ ಮುದುಕ. ಇತ್ತ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲವೇ ಅದು. ರಾಜಧಾನಿಯನ್ನು ಪೋಗಲೂರಿನಿಂದ ರಾಮನಾಥಪುರಕ್ಕೆ ತಂದವನು ಈ ಕಿಳವನ್. ಅವನ ರಾಮಲಿಂಗ ವಿಲಾಸ ಅರಮನೆ ಈಗ ಮ್ಯೂಸಿಯಂ.

ಹೊರಗಿಂದ ನೋಡಿದರೆ ದೊಡ್ಡ ಉಗ್ರಾಣದ ಹಾಗಿದೆ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲಾ ಚಿತ್ರ. ಇವು ಕಿಳವನ್ ಆದಮೇಲೆ ಬಂದ ರಾಜನ ಕಾಲದವು. ತಂಜಾವೂರಿನ ಮರಾಠರ ಜೊತೆ ಯುದ್ಧ, ರಾಮಾಯಣ, ಭಾಗವತ, ಟೊಪ್ಪಿ ಹಾಕಿದ ಯುರೋಪಿನವರನ್ನು ರಾಜ ಬರಮಾಡಿಕೊಳ್ಳುವುದು. ಮೇಲಿನ ಕೋಣೆಗಳಲ್ಲಿ ಬರೀ ಹೆಂಗಸರು. ರಾಜನ ಸುತ್ತ ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರ ಸೀರೆಯ ಅಂಚೂ ಬೇರೆ, ಮುಖ ಮಾತ್ರ ಎಲ್ಲರದೂ ಒಂದೇ. ಅಮ್ಮ ಕನ್ನಡಕ ಹಣೆಗೆ ಏರಿಸಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. “ಬರೆದವನಿಗೆ ಇವರ ಮುಖ ನೋಡೋಕೆ ಬಿಟ್ಟಿರಲ್ಲ ಬಿಡು. ಸೀರೆ ತೋರಿಸಿರ್ತಾರೆ.”

ಕಥೆಯನ್ನು ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದೆ.

ಮರವ ನಾಡಿನಲ್ಲಿ ಪಾದ್ರಿಗಳಿಗೆ ಸುಲಭವಿರಲಿಲ್ಲ. ಡಿ ಬ್ರಿಟ್ಟೊ ಹೊರಗಿನ ಹಳ್ಳಿಗಳಲ್ಲಿ ಹನ್ನೆರಡು ವರ್ಷ ಅಲೆದು, ಮಿಷನ್ನಿನ ಮುಖ್ಯಸ್ಥರೂ ಆಗಿ, 1686ರಲ್ಲಿ ಇಲ್ಲಿಗೆ ಕಾಲಿಟ್ಟರು. ಜುಲೈಯಲ್ಲಿ ರಾಜನ ದಂಡನಾಯಕ ಅವರನ್ನೂ ಜೊತೆಗಿದ್ದ ಉಪದೇಶಿಗಳನ್ನೂ, ಅಂದರೆ ಧರ್ಮ ಕಲಿಸಲು ನೆರವಾಗುತ್ತಿದ್ದವರನ್ನೂ, ಹಿಡಿದ. ಶಿವನ ಹೆಸರು ಹೇಳಿ ಅಂದರು, ಇವರು ಹೇಳಲಿಲ್ಲ. ಹಗ್ಗ ಕಟ್ಟಿ ನೀರಿನಲ್ಲಿ ಮುಳುಗಿಸಿ ಎತ್ತಿದರು, ಹೊಡೆದರು. ಕೊನೆಗೆ ವಿಷಯ ಕಿಳವನ್ ಕಿವಿಗೆ ಬಿತ್ತು. ಅವನು ಕರೆಸಿ ಕೂರಿಸಿ ಮಾತಾಡಿಸಿದ. ನಿಮ್ಮ ಧರ್ಮದಲ್ಲಿ ಏನಿದೆ ಅಂತ ಕೇಳಿದ, ಕೇಳಿಸಿಕೊಂಡ, ಬಿಟ್ಟುಬಿಟ್ಟ. ಒಂದೇ ಷರತ್ತು: ನನ್ನ ನಾಡಿನಲ್ಲಿ ಇನ್ನು ಬೋಧನೆ ಮಾಡಬೇಡ.

ಅಲ್ಲಿಗೆ ಮುಗಿಯಬಹುದಿತ್ತು, ಅಲ್ವಾ? ಮಿಷನ್ನಿನ ಕೆಲಸದ ಮೇಲೆ ಅವರನ್ನು ಪೋರ್ಚುಗಲ್‌ಗೆ ಕಳಿಸಿದರು. 1687ರಲ್ಲಿ ಲಿಸ್ಬನ್ ಮುಟ್ಟಿದಾಗ ಜೊತೆಯಲ್ಲಿ ಆಡಿದ ಪೆದ್ರೊ ರಾಜನಾಗಿದ್ದ. ಇಲ್ಲೇ ಇರು, ನನ್ನ ಮಕ್ಕಳಿಗೆ ಪಾಠ ಹೇಳು ಅಂತ ಕೇಳಿಕೊಂಡ. ಡಿ ಬ್ರಿಟ್ಟೊ ಅಲ್ಲೂ ಮಾಂಸ ಮುಟ್ಟಲಿಲ್ಲ, ನೆಲದ ಮೇಲೆಯೇ ಮಲಗುತ್ತಿದ್ದರು. ಮೈ ಲಿಸ್ಬನ್‌ನಲ್ಲಿತ್ತು, ಅಭ್ಯಾಸ ಮಾತ್ರ ತಮಿಳುನಾಡಿನದು. 1690ರಲ್ಲಿ ಗೋವಾಕ್ಕೆ ವಾಪಸ್ ಬಂದರು. ಮರುವರ್ಷ ಮತ್ತೆ ಮರವ ನಾಡಿಗೇ.

ಇಲ್ಲಿಂದ ಮುಂದಿನದು ತಾತ ಹೇಳದ ಭಾಗ. ತಡಿಯ ತೇವನ್ ಅಂತ ಒಬ್ಬ ಇದ್ದ. ರಾಜವಂಶದವನು, ರಾಮನಾಥಪುರದ ಪಟ್ಟದ ಮೇಲೆ ಹಕ್ಕು ಇದ್ದವನು. ಅಂದರೆ ಕಿಳವನ್‌ಗೆ ಕಣ್ಣಿನಲ್ಲಿ ಬಿದ್ದ ಕಸ. ಅವನಿಗೆ ವಾಸಿಯಾಗದ ಕಾಯಿಲೆ ಬಂತು. ಒಬ್ಬ ಉಪದೇಶಿ ಹೋಗಿ ಶುಭಸಂದೇಶ ಓದಿ ಪ್ರಾರ್ಥನೆ ಮಾಡಿದ, ಕಾಯಿಲೆ ಹೋಯಿತು. ತೇವನ್, ಕ್ರೈಸ್ತನಾಗುತ್ತೇನೆ, ಜ್ಞಾನಸ್ನಾನ ಕೊಡಿ ಅಂತ ಬಂದ. ಅವನಿಗೆ ಐದು ಜನ ಹೆಂಡತಿಯರು. ಒಬ್ಬಳನ್ನೇ ಇಟ್ಟುಕೊಳ್ಳಬೇಕು ಅಂದರು ಡಿ ಬ್ರಿಟ್ಟೊ. ತೇವನ್ ಮನೆಗೆ ಹೋಗಿ ಹೆಂಡತಿಯರನ್ನು ಕೂಡಿಸಿ, ಮೊದಲನೆಯವಳನ್ನು ಇಟ್ಟುಕೊಳ್ಳುತ್ತೇನೆ, ಉಳಿದವರು ನನಗೆ ತಂಗಿಯರು, ಏನೂ ಕಡಿಮೆ ಆಗದ ಹಾಗೆ ನೋಡಿಕೊಳ್ಳುತ್ತೇನೆ ಅಂದನಂತೆ. 1693ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಅವನ ಜ್ಞಾನಸ್ನಾನ ಆಯಿತು.

ಹೆಂಡತಿಯರಲ್ಲಿ ಕಿರಿಯವಳ ಹೆಸರು ಕಡಲೈ. ಅವಳು ಕಿಳವನ್ ಸೇತುಪತಿಯ ಸೋದರ ಸಂಬಂಧದ ಮಗಳು. ನೇರ ಅರಮನೆಗೆ ಬಂದು ಅತ್ತಳು. ಎರಡೇ ದಿನ. ಜನವರಿ 8ಕ್ಕೆ ಡಿ ಬ್ರಿಟ್ಟೊ ಅವರನ್ನು ಹಿಡಿದರು.

ನಾನು ಓದಿದ ಎಲ್ಲ ಕಡೆ ಕಡಲೈ ಅಂದರೆ ಸೇಡಿನ ಹೆಂಗಸು. ಒಂದು ಸಾಲಿನ ಕೆಟ್ಟ ಪಾತ್ರ. ನಾನೂ ಅದೇ ದನಿಯಲ್ಲಿ ಹೇಳುತ್ತಿದ್ದೆ ಅಂತ ಕಾಣುತ್ತೆ. ಅಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡು ಕೇಳಿದಳು. “ಎಷ್ಟು ವಯಸ್ಸು ಅವಳಿಗೆ?”

“ಗೊತ್ತಿಲ್ಲ ಅಮ್ಮ.”

“ಕಿರಿಯವಳು ಅಂದ್ಮೇಲೆ ಸಣ್ಣ ಹುಡುಗಿನೇ. ನಿನ್ನೆವರೆಗೂ ಹೆಂಡ್ತಿ, ಇವತ್ತಿಂದ ತಂಗಿ ಅಂದ್ರೆ ಅವಳು ಎಲ್ಲಿಗೆ ಹೋಗಬೇಕಿತ್ತು? ದೊಡ್ಡಪ್ಪನ ಮನೆಗೆ ಬಂದ್ಳು. ನೀನಾಗಿದ್ರೂ ಬರ್ತಿದ್ದೆ.”

ಅದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ. ಕಿಳವನ್ 1710ರಲ್ಲಿ ಸತ್ತಾಗ ಅವನ ಜೊತೆ 47 ಜನ ಹೆಂಡತಿಯರು ಚಿತೆ ಏರಿದರು ಅಂತ ಆ ಕಾಲದ ಪಾದ್ರಿಗಳು ಬರೆದಿಟ್ಟಿದ್ದಾರೆ. ಅದನ್ನೂ ಹೇಳಿದೆ, ಹೇಳಬಾರದಿತ್ತು ಅಂತ ಆಮೇಲೆ ಅನ್ನಿಸಿತು. ಅಮ್ಮ ಎದ್ದು ಹೋಗಿ ಆ ಒಂದೇ ಮುಖದ ಹೆಂಗಸರ ಸಾಲನ್ನು ಮತ್ತೊಮ್ಮೆ ನೋಡಿ ಬಂದಳು. ಎಣಿಸುತ್ತಿದ್ದಳೋ ಏನೋ.

ರಾತ್ರಿ ಲಾಡ್ಜಿನಲ್ಲಿ ಫ್ಯಾನು ಒಂದು ಸುತ್ತಿಗೆ ಒಂದು ಸಲ ಕಿರ್ ಅನ್ನುತ್ತಿತ್ತು. ಹೇಳಿದರೆ, ಇನ್ನೊಂದು ರೂಮಿನಲ್ಲಿ ಫ್ಯಾನೇ ಇಲ್ಲ ಅಂದರು.

ಮೂರನೇ ದಿನ: ಓರಿಯೂರು

ಬೆಳಿಗ್ಗೆ ಬಸ್ಸಿನಲ್ಲಿ ತಿರುವಾಡಾನೈ, ಅಲ್ಲಿಂದ ಆಟೊ. ಆಟೊ ಅಣ್ಣನಿಗೆ ನನ್ನ ಕೊಳ್ಳೇಗಾಲದ ತಮಿಳು ಅರ್ಥವಾಗಲಿಲ್ಲ. ಅಮ್ಮನ ತಮಿಳು ಅರ್ಥವಾಯಿತು. ತಾನು ಹಿಂದೂ, ಆದರೆ ಮಗನಿಗೆ ಮೊದಲ ಮುಡಿ ಕೊಟ್ಟದ್ದು ಓರಿಯೂರಿನಲ್ಲೇ ಅಂದ. ರಸ್ತೆಯ ಎರಡೂ ಕಡೆ ಬೆಳ್ಳಗೆ ಬೂದುಬಣ್ಣದ ಹೊಲ. ಕುಯ್ಲು ಮುಗಿದಿತ್ತು, ಕೂಳೆ ಮಾತ್ರ ನಿಂತಿತ್ತು.

ದೂರದಿಂದಲೇ ಬಿಳೀ ಚರ್ಚಿನ ಮುಂಭಾಗ ಕಾಣುತ್ತದೆ. ಪೋರ್ಚುಗೀಸ್ ಮಾದರಿಯದು, ಗೋವಾದಿಂದ ಎತ್ತಿಕೊಂಡು ಬಂದು ಇಟ್ಟ ಹಾಗಿದೆ. ಅದರ ಕೆಳಗೆ ನಡೆಯುತ್ತಿದ್ದದ್ದು ಮಾತ್ರ ನಮ್ಮ ಮಾದೇಶ್ವರನ ಬೆಟ್ಟದಲ್ಲಿ ನೋಡುವಂಥದ್ದು. ಒಂದು ಕಡೆ ತಲೆ ಬೋಳಿಸುತ್ತಿದ್ದಾರೆ. ಬೋಳಾದ ಮಗುವಿನ ತಲೆಗೆ ಗಂಧ ಬಳಿಯುತ್ತಿದ್ದಾರೆ, ಮಗು ಕಿರುಚುತ್ತಿದೆ. ಒಬ್ಬ ಅಜ್ಜಿ ತೆಂಗಿನ ಸಸಿ ಕಂಕುಳಲ್ಲಿ ಹಿಡಿದು ನಿಂತಿದ್ದಾಳೆ, ಅದು ಹರಕೆಯದು. ಮರದ ಕೆಳಗೆ ಕಲ್ಲೊಲೆ, ದೊಡ್ಡ ಪಾತ್ರೆ, ಆಡಿನ ಮಾಂಸ ಬೇಯುತ್ತಿದೆ. ಇಲ್ಲಿಗೆ ಬಂದಮೇಲೆ ಅನ್ನ ತರಕಾರಿ ತಿಂದು ಬದುಕಿದವರ ಹೆಸರಿನಲ್ಲಿ ಆಡು. ಸ್ವಾಮಿಗಳು ಏನಂದುಕೊಳ್ಳುತ್ತಾರೋ! ಆದರೆ ಯಾರಿಗೂ ಅದು ವಿಚಿತ್ರ ಅನ್ನಿಸಿದ ಹಾಗೆ ಕಾಣಲಿಲ್ಲ. ಜನರಿಗೆ ಬೇಕಾದದ್ದು ಊಟ ಹಾಕುವ ಸಂತ.

ಚರ್ಚಿನೊಳಗೆ ತಂಪು. ಗಡ್ಡ ಬಿಟ್ಟ, ಕಾವಿ ಉಟ್ಟ ಪ್ರತಿಮೆ. ಶಿಲುಬೆ ಇಲ್ಲದಿದ್ದರೆ ಯಾವುದೋ ಮಠದ ಸ್ವಾಮಿಗಳು ಅಂದುಕೊಳ್ಳಬೇಕು.

ಕೆಂಪು ಮರಳಿನ ಜಾಗದ ಹತ್ತಿರ ಚಪ್ಪಲಿ ಬಿಟ್ಟೆವು. ದಾರಿಯುದ್ದಕ್ಕೂ ಬೂದು ಬಿಳುಪು ನೆಲ ನೋಡಿ ಬಂದ ಕಣ್ಣಿಗೆ ಇದು ನಿಜಕ್ಕೂ ತಟ್ಟನೆ ಬಡಿಯುತ್ತದೆ. ಇಟ್ಟಿಗೆ ಪುಡಿ ಮಾಡಿ ಸುರಿದ ಹಾಗೆ. ಅವರ ರಕ್ತ ಬಿದ್ದು ಮಣ್ಣು ಕೆಂಪಾಯಿತು ಅನ್ನುವುದು ಜನರ ನಂಬಿಕೆ. ಅದಕ್ಕೇ ಇವರಿಗೆ ‘ಚೆಮ್ಮಣ್ ಪುನಿತರ್’ ಅಂತ ಹೆಸರು, ಕೆಮ್ಮಣ್ಣಿನ ಸಂತ. ಈ ಜಿಲ್ಲೆಯ, ತೂತ್ತುಕುಡಿಯ ಕರಾವಳಿಯಲ್ಲಿ ಕಬ್ಬಿಣದ ಅಂಶದಿಂದ ಕೆಂಪಾದ ಮರಳುದಿಬ್ಬಗಳು ಬೇರೆ ಕಡೆಯೂ ಇವೆ. ‘ತೇರಿ’ ಅನ್ನುತ್ತಾರೆ. ನಾನು ಅದನ್ನು ಅಮ್ಮನಿಗೆ ಹೇಳಲು ಬಾಯಿ ತೆರೆದೆ. ಅವಳು ಆಗಲೇ ಮಂಡಿ ನೋವು ಮರೆತು ಕೂತು, ಒಂದು ಹಿಡಿ ಮರಳು ತೆಗೆದುಕೊಂಡು ಬೆರಳ ಸಂದಿಯಿಂದ ಬಿಡುತ್ತಿದ್ದಳು. ಬಾಯಿ ಮುಚ್ಚಿಕೊಂಡೆ.

ಕಿಳವನ್ ಜಾಣ. ರಾಮನಾಥಪುರದಲ್ಲೇ ಕೊಲ್ಲಿಸಿದರೆ ತಡಿಯ ತೇವನ್ ಕಡೆಯವರು ಗಲಾಟೆ ಮಾಡಬಹುದು. ಅದಕ್ಕೆ ಎಲ್ಲರ ಎದುರಿಗೆ ಗಡೀಪಾರು ಅಂತ ಹೇಳಿ, ಗುಟ್ಟಾಗಿ ಬೇರೆ ಆಜ್ಞೆ ಬರೆದು, ಓರಿಯೂರನ್ನು ನೋಡಿಕೊಳ್ಳುತ್ತಿದ್ದ ತನ್ನ ತಮ್ಮ ಉಡೈಯ ತೇವನ್ ಹತ್ತಿರ ಕಳಿಸಿದ. ನಾವು ಬಸ್ಸಿನಲ್ಲಿ ಬೆವೆತುಕೊಂಡು ಬಂದ ದಾರಿಯನ್ನು ಅವರು ಕಾವಲಿನವರ ಜೊತೆ ನಡೆದರು. ಜನವರಿ ಕೊನೆಗೆ ಇಲ್ಲಿ ಮುಟ್ಟಿದರು.

ಫೆಬ್ರವರಿ 3ರಂದು ಸೆರೆಯಿಂದ ಪತ್ರ ಬರೆದರು. ಮಸಿ ಇರಲಿಲ್ಲ. ಇದ್ದಿಲನ್ನು ನೀರಿನಲ್ಲಿ ಕಲಸಿ, ಕಡ್ಡಿಯಲ್ಲಿ ಅದ್ದಿ ಬರೆದದ್ದು. ಆ ಪತ್ರದಲ್ಲಿ ಅಳು ಇಲ್ಲ. ನನ್ನ ಮೇಲಿರುವ ಅಪರಾಧ ದೇವರ ಧರ್ಮವನ್ನು ಕಲಿಸಿದ್ದು, ಒಳ್ಳೆಯದೇ ತಪ್ಪು ಅಂತಾದರೆ ಆ ತಪ್ಪಿಗೆ ನೋವು ತಿನ್ನುವುದು ಹೆಮ್ಮೆ ಅನ್ನುವ ಅರ್ಥದ ಮಾತಿದೆ. ನನಗೆ ಆ ಮಾತಿಗಿಂತ ಕಡ್ಡಿ ಜಾಸ್ತಿ ಕಾಡುತ್ತದೆ. ನಾಳೆ ಸಾಯುವವನು ಕೂತು ಇದ್ದಿಲು ಅರೆಯುತ್ತಿದ್ದಾನೆ. ನೀರು ಜಾಸ್ತಿಯಾದರೆ ಅಕ್ಷರ ಹರಡುತ್ತದೆ, ಕಡಿಮೆಯಾದರೆ ಕಡ್ಡಿ ಕೆರೆಯುತ್ತದೆ. ಹದ ನೋಡಿ ಬರೆದಿರಬೇಕು.

ಮರುದಿನ ಬುಧವಾರ, 1693ರ ಫೆಬ್ರವರಿ 4. ಸುಮ್ಮನೆ ಬುಧವಾರ ಅಲ್ಲ, ವಿಭೂತಿ ಬುಧವಾರ. ಹಣೆಗೆ ಬೂದಿ ಇಟ್ಟು ‘ಮಣ್ಣಿಗೆ ಮರಳುವೆ’ ಅಂತ ನೆನಪಿಸುವ ದಿನ. ಪಾಂಬಾರು ಹೊಳೆಯ ದಡದ ದಿಬ್ಬಕ್ಕೆ ಕರೆತಂದರು. ಅವರು ಮಂಡಿಯೂರಿ ಪ್ರಾರ್ಥನೆ ಮಾಡಿದರು, ಕತ್ತಿ ಹಿಡಿದವನನ್ನು ಅಪ್ಪಿಕೊಂಡರು. ಅವರ ಕೊರಳಲ್ಲಿ ಪವಿತ್ರ ಅವಶೇಷದ ಒಂದು ಸಣ್ಣ ಕರಡಿಗೆ ನೇತಾಡುತ್ತಿತ್ತು. ಕತ್ತಿಯವನಿಗೆ ಅದು ತಾಯಿತ, ಮಾಟ ಅಂತ ಭಯ. ಕೈಯಿಂದ ಮುಟ್ಟಲು ಹೆದರಿ, ಕತ್ತಿಯಲ್ಲೇ ದಾರ ಕತ್ತರಿಸಿದ. ಹೆಗಲು ಸೀಳಿತು. ಆಮೇಲೆ ತಲೆ. ಕೈಕಾಲು ಕತ್ತರಿಸಿ ಕಂಬಕ್ಕೆ ಕಟ್ಟಿದರು. ಅವರಿಗೆ 46 ತುಂಬಲು ಇನ್ನೂ 25 ದಿನ ಬಾಕಿ ಇತ್ತು.

ಹೊಳೆ ಈಗ ಒಣಗಿದೆ. ದಡದ ಕಡೆ ನೋಡಿದರೆ ಅಲ್ಲೂ ಬಳ್ಳಾರಿ ಜಾಲಿ.

ಮಧ್ಯಾಹ್ನ ಆಡು ಬೇಯಿಸುತ್ತಿದ್ದ ಮನೆಯವರು ನಮ್ಮನ್ನು ಕರೆದರು. “ಸಾಪ್ಟೀಂಗಳಾ?” ಅಂತ ಕೇಳಿ, ಉತ್ತರ ಕಾಯದೆ ಎಲೆ ಹಾಕಿಬಿಟ್ಟರು. ಹರಕೆ ಊಟಕ್ಕೆ ಹೊರಗಿನವರು ಕೂತಷ್ಟೂ ಒಳ್ಳೆಯದಂತೆ. ಸಾರಿನಲ್ಲಿ ಮೆಣಸು ಎಷ್ಟಿತ್ತೆಂದರೆ ನನ್ನ ಮೂಗು, ಕಣ್ಣು ಎರಡೂ ಸುರಿಯುತ್ತಿದ್ದವು. ಬಡಿಸುತ್ತಿದ್ದ ಹೆಂಗಸಿನ ಹತ್ತಿರ ಅಮ್ಮ ಕಡಲೈ ಬಗ್ಗೆ ಕೇಳಿದಳು. ಆಕೆ ಸೌಟು ಹಿಡಿದುಕೊಂಡೇ ಸ್ವಲ್ಪ ಯೋಚಿಸಿ, “ಪಾವಂ” ಅಂದಳು. ಆಮೇಲೆ ಇನ್ನೊಂದು ಸೌಟು ಸಾರು ಹಾಕಿದಳು. ಪಾಪ ಅನ್ನೋದಕ್ಕೆ ತಮಿಳಿನಲ್ಲಿ ಹಾಗನ್ನುತ್ತಾರೆ. ಅದು ಕಡಲೈಗೋ, ಸ್ವಾಮಿಗಳಿಗೋ, ಮೂಗು ಒರೆಸಿಕೊಳ್ಳುತ್ತಿದ್ದ ನನಗೋ, ಕೇಳಲಿಲ್ಲ.

ಹೊರಡುವ ಮುಂಚೆ ಅಮ್ಮ ಮೇಣದಬತ್ತಿ ತೆಗೆದುಕೊಂಡಳು. ಐದು. ಒಂದನ್ನು ಮುಂದೆ ಹಚ್ಚಿದಳು. ನಾಲ್ಕನ್ನು ಸ್ವಲ್ಪ ಪಕ್ಕಕ್ಕೆ, ಗಾಳಿ ಬೀಸದ ಕಡೆ, ಒಂದಕ್ಕೊಂದು ಅಂಟಿಸಿ ನಿಲ್ಲಿಸಿದಳು. ತಾತನಿಗೆ, ಅಜ್ಜಿಗೆ, ಅಪ್ಪನಿಗೆ ಅಂತ ನಾನು ಲೆಕ್ಕ ಹಾಕಿದೆ, ಒಂದು ಜಾಸ್ತಿ ಆಯಿತು.

“ಯಾರ್ಯಾರಿಗಮ್ಮಾ?”

“ಒಂದು ಸ್ವಾಮಿಗಳಿಗೆ. ಇವು ಆ ಮನೆ ಬಿಟ್ಟು ಹೋದ ನಾಲ್ಕು ಜನಕ್ಕೆ. ಅವರಿಗೆ ಯಾರು ಹಚ್ತಾರೆ?”

ಮರಳು ತುಂಬಿಕೊಳ್ಳೋಕೆ ಏನೂ ತಂದಿರಲಿಲ್ಲ. ಅಮ್ಮ ತನ್ನ ಮಾತ್ರೆ ಡಬ್ಬಿ ಖಾಲಿ ಮಾಡಿ, ಮಾತ್ರೆಗಳನ್ನು ಪರ್ಸಿಗೆ ಸುರಿದುಕೊಂಡು, ಡಬ್ಬಿಗೆ ಮರಳು ತುಂಬಿದಳು.

ನಾಲ್ಕನೇ ದಿನ: ಕಾಳೈಯಾರ್‌ಕೋಯಿಲ್, ವಾಪಸ್

ದೇವಕೋಟೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಶಿವಗಂಗೆಯ ದಾರಿ ಹಿಡಿದೆವು. ನಡುವೆ ಕಾಳೈಯಾರ್‌ಕೋಯಿಲ್‌ನಲ್ಲಿ ಇಳಿದೆವು. ಕಾಳೀಶ್ವರನ ಗುಡಿಯ ಎತ್ತರದ ಗೋಪುರ, ಆನೆ ಮಡು ಅನ್ನೋ ದೊಡ್ಡ ಕೊಳ. 1801ರಲ್ಲಿ ಶಿವಗಂಗೆಯ ದೊರೆಗಳಾಗಿದ್ದ ಮರುದು ಸೋದರರು ಬ್ರಿಟಿಷರ ಜೊತೆ ಕೊನೆಯವರೆಗೂ ಹೋರಾಡಿದ ಜಾಗ. ಅದೇ ಮರುದು ಸೋದರರು ಸರುಗಣಿಯ ಚರ್ಚಿಗೂ ದಾನ ಕೊಟ್ಟವರು. ನೂರು ವರ್ಷದಲ್ಲಿ ಈ ಸೀಮೆಯ ದೊರೆಗಳ ಮನಸ್ಸು ಎಷ್ಟು ಬದಲಾಗಿತ್ತು ನೋಡಿ. ಸರುಗಣಿಗೂ ಹೋಗಬೇಕು ಅಂತ ನನ್ನ ಆಸೆ. ಅಮ್ಮನ ಮಂಡಿ ಬೇಡ ಅಂದಿತು.

1686ರಲ್ಲಿ ಡಿ ಬ್ರಿಟ್ಟೊ ಅವರನ್ನು ಹಿಂಸಿಸಿದ್ದು ಇದೇ ಕಡೆಯ ಹಳ್ಳಿಗಳಲ್ಲಿ. ಗುಡಿಯ ಕೊಳದ ಮೆಟ್ಟಿಲ ಮೇಲೆ ಕೂತು ಕರುಪಟ್ಟಿ ಕಾಫಿ ಕುಡಿದೆವು. ತಾಳೆಬೆಲ್ಲದ್ದು, ಶುಂಠಿ ಹಾಕಿದ್ದು. ಗುಡಿಯಲ್ಲಿ ಶಿವಸ್ತುತಿ ಮೈಕಿನಲ್ಲಿ ಬರುತ್ತಿತ್ತು. “ಹೇಳು ಅಂದ್ರಂತಲ್ಲ, ಹೇಳಿಬಿಟ್ಟಿದ್ರೆ ಬದುಕ್ತಿದ್ರಾ?” ಅಂತ ಕೇಳಿದಳು. ಆ ಸಲ ಬದುಕಿದರು, ಹೇಳದೆಯೇ ಬದುಕಿದರು ಅಂದೆ. ಅಮ್ಮ ಕಾಫಿ ಲೋಟದ ತಳದಲ್ಲಿ ಉಳಿದ ಶುಂಠಿ ನೋಡುತ್ತಾ, “ಹಠ” ಅಂದಳು. ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ. ತಾತನ ಬಗ್ಗೆಯೂ ಅವಳು ಅದೇ ದನಿಯಲ್ಲಿ ಹಾಗೇ ಅನ್ನುತ್ತಿದ್ದಳು.

ಡಿ ಬ್ರಿಟ್ಟೊ ಅವರನ್ನು ರೋಮ್ 1853ರಲ್ಲಿ ಧನ್ಯರ ಸಾಲಿಗೆ ಸೇರಿಸಿತು, ಸಂತ ಪಟ್ಟಕ್ಕೆ ಮುಂಚಿನ ಮೆಟ್ಟಿಲು ಅದು. ಸಂತ ಅಂತ ಘೋಷಿಸಿದ್ದು 1947ರ ಜೂನ್ 22ರಂದು, ನಮ್ಮ ಸ್ವಾತಂತ್ರ್ಯಕ್ಕೆ ಎರಡು ತಿಂಗಳೂ ಇಲ್ಲದಾಗ. ಅವರ ತಲೆ ತೆಗೆದ ಕತ್ತಿಯನ್ನು ಪೋರ್ಚುಗಲ್‌ಗೆ ಒಯ್ದರು. ಮರಳು ಇಲ್ಲೇ ಉಳಿಯಿತು. ತೆಗೆದುಕೊಂಡು ಹೋದಷ್ಟೂ ಉಳಿದಿದೆ.

ರಾತ್ರಿ ಮದುರೈಯಲ್ಲಿ ರೈಲು ಹತ್ತಿದ ಮೇಲೆ ಅಮ್ಮನಿಗೆ ಬಿ.ಪಿ. ಮಾತ್ರೆ ನೆನಪಾಯಿತು. ಪರ್ಸು ತೆಗೆದು ಲೈಟಿನ ಕೆಳಗೆ ಹುಡುಕಿದಳು. ಡಬ್ಬಿಯ ಮುಚ್ಚಳ ಸಡಿಲವಾಗಿ, ಪರ್ಸಿನ ತುಂಬ ಮರಳು ಚೆಲ್ಲಿಕೊಂಡಿತ್ತು. ಚಿಲ್ಲರೆ ಕೆಂಪು, ಆಧಾರ್ ಕಾರ್ಡು ಕೆಂಪು, ಜಪಸರ ಕೆಂಪು. ಒಂದು ಮಾತ್ರೆ ಹೆಕ್ಕಿ ತೆಗೆದಳು. ಅದರ ಮೇಲೆ ನಾಲ್ಕೈದು ಕಣ ಅಂಟಿತ್ತು.

“ಒರೆಸ್ಕೊಮ್ಮಾ.”

ಒರೆಸಲಿಲ್ಲ. ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಹಲ್ಲಿಗೆ ಸಿಕ್ಕ ಮರಳನ್ನು ಒಂದು ಸಲ ಕರಕ್ ಅನ್ನಿಸಿ, ಬೆಡ್‌ಶೀಟು ಎಳೆದುಕೊಂಡಳು.

“ಅರುಳೋ ಮರುಳೋ, ಬೆಳಿಗ್ಗೆ ಗೊತ್ತಾಗುತ್ತೆ. ಲೈಟ್ ಆರಿಸು.”